ಗಿಟಾರಿನ ಜಾತಕ

2019ನೆಯ ಇಸವಿ ಜೂನ್ ತಿಂಗಳಿನಲ್ಲಿ ನ್ಯೂಯಾರ್ಕ್ ನಗರದ ಕ್ರಿಸ್ಟೀಸ್ ಎಂಬ ಹರಾಜು ಸಂಸ್ಥೆಯಲ್ಲಿ ಒಂದು ಬಿಳಿಯ ಎಲೆಕ್ಟ್ರಿಕ್ ಗಿಟಾರು 18 ಲಕ್ಷ 15 ಸಾವಿರ ಡಾಲರಿಗೆ ಮಾರಾಟವಾಯಿತು. ಅದರ ಒಡೆಯರು ಪಿಂಕ್ ಫ್ಲಾಯ್ಡ್ ಎಂಬ ಪ್ರಸಿದ್ಧ ಇಂಗ್ಲಿಷ್ ವಾದ್ಯತಂಡದ ಡೇವಿಡ್ ಗಿಲ್ಮೋರ್. ಬಂದ ಹಣವನ್ನು ಅವರು ಪರಿಸರ ರಕ್ಷಣೆಯ ಕೆಲಸಕ್ಕೆ ಕೊಟ್ಟುಬಿಟ್ಟರು. ಆ ಗಿಟಾರಿನ ಬೆನ್ನಿಗೆ ನಾಲ್ಕು ತಿರುಪುಮೊಳೆಗಳಿಂದ ಬಿಗಿದ ಒಂದು ಲೋಹದ ತಗಡು ಇದೆ. ತಗಡಿನ ಮೇಲೆ ಕೊರೆದಿರುವ ಸಂಖ್ಯೆ 0001. ಅಂದಮೇಲೆ ಸ್ಟ್ರಾಟೋಕ್ಯಾಸ್ಟರ್ ಎಂಬ ಹೆಸರಿನ ಆ ಜಾತಿಯ ಗಿಟಾರುಗಳಲ್ಲಿ ಅದೇ ಮೊಟ್ಟಮೊದಲನೆಯದು ಎಂದು ನಾವು ನೀವೆಲ್ಲ ಭಾವಿಸುತ್ತೇವೆ. ಆದರೆ ಅದು ಮೊದಲನೆಯದಲ್ಲ. ಅದೂ 1954ರದೇ, ಆದರೆ ಅದಕ್ಕಿಂತ ಮೊದಲೇ ತಯಾರಾದ ಸ್ಟ್ರಾಟೋಕ್ಯಾಸ್ಟರುಗಳು ಇವೆ.

ಒಂದನೆಯ ನಂಬರಿನದು ಮೊದಲನೆಯದಲ್ಲ ಎಂದಾದರೆ ಆ ನಂಬರಿಗೆ ಏನು ಅರ್ಥ? ಅದನ್ನು ನಂಬಿ ಹಣ ಕೊಡುವವರ ಗತಿ ಏನು? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಭಾಷಣದ ಉದ್ದೇಶ.

ಇದು ದೂರದೇಶದ ಧನಿಕರ ವಿಷಯ, ನಮಗೇಕೆ ಎಂದು ನೀವು ಕೇಳಬಹುದು. ಹಾಗೆನ್ನುವಂತಿಲ್ಲ. ಈಗ ನಮ್ಮ ಊರುಗಳಲ್ಲಿ ವೀಣೆ ಪಿಟೀಲುಗಳ ಜೊತೆಗೆ ಗಿಟಾರೂ ಮನೆಯೊಳಕ್ಕೆ ಬಂದಿದೆ. ಇಂದಲ್ಲ ನಾಳೆ ನಿಮ್ಮ ಮಗನೋ ಮೊಮ್ಮಗಳೋ ಬಂದು, “ಹಳೆಯ ಅಮೆರಿಕನ್ ಗಿಟಾರು ಒಂದು ಮಾರಾಟಕ್ಕಿದೆ, 1964ನೆಯ ಇಸವಿಯದಂತೆ, ನಂಬರೇ ಹೇಳುತ್ತದಂತೆ” ಎಂದು ಲಕ್ಷಗಳ ಲೆಕ್ಕದಲ್ಲಿ ಹಣ ಕೇಳಬಹುದು. ಅಥವಾ ಮನೆಯ ಹಿರಿಯರೊಬ್ಬರು ಬಿಟ್ಟುಹೋದ ಗಿಟಾರು ಅಟ್ಟದ ಮೇಲಿದ್ದು, ಅದನ್ನು ಅಗ್ಗವಾಗಿ ಕೊಂಡೊಯ್ಯಲು ಯಾರಾದರೂ ಬಾಗಿಲು ತಟ್ಟಬಹುದು. ಎರಡು ಸಂದರ್ಭಗಳಲ್ಲಿಯೂ ಸ್ವಲ್ಪ ತಿಳಿವಳಿಕೆ ಇದ್ದರೆ ಕೈ ಸುಡುವುದಿಲ್ಲ.

ಮೊದಲು ವಾದ್ಯದ ಅಂಗಾಂಗಗಳ ಪರಿಚಯ ಮಾಡಿಕೊಳ್ಳೋಣ. ವೀಣೆಯನ್ನು ಬಲ್ಲವರಿಗೆ ಇದು ಕಷ್ಟವಲ್ಲ. ವೀಣೆಯ ದಂಡಿಯಂತೆ ಗಿಟಾರಿಗೂ ಒಂದು ದಂಡಿ, ಅದರ ಮೇಲೆ ಮೆಟ್ಟಿಲುಗಳು, ತುದಿಯಲ್ಲಿ ಬಿರಡೆಗಳಿರುವ ತಲೆ, ಕೆಳಗೆ ತಂತಿಗಳನ್ನು ಹೊರುವ ಕುದುರೆ. ವ್ಯತ್ಯಾಸವಿರುವುದು ಒಡಲಿನಲ್ಲಿ. ವೀಣೆಯ ಕೊಡ ಟೊಳ್ಳು. ನಾದ ಅಲ್ಲಿ ತುಂಬಿಕೊಳ್ಳುತ್ತದೆ. ನಾವಿಂದು ನೋಡುವ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಬಹುಪಾಲಿನ ಒಡಲು ಗಟ್ಟಿಯಾದ ಮರದ ಹಲಗೆ. ತಂತಿಯ ಕೆಳಗೆ ಅಯಸ್ಕಾಂತಕ್ಕೆ ತೆಳುವಾದ ತಾಮ್ರದ ತಂತಿ ಸುತ್ತಿದ ಒಂದು ಸುರುಳಿ ಇರುತ್ತದೆ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕೊಟ್ಟರೆ ನಾದ ಕೇಳುತ್ತದೆ.

ಈ ಕೆಲಸ ರೇಡಿಯೋ ಕೆಲಸಕ್ಕೆ ಹತ್ತಿರದ ನೆಂಟ. ಕ್ಯಾಲಿಫೋರ್ನಿಯದ ಫುಲ್ಲರ್‌ಟನ್ ಎಂಬ ಊರಿನಲ್ಲಿ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದ ಲಿಯೋ ಫೆಂಡರ್ ಎಂಬಾತನೇ ಮುಂದೆ ಗಿಟಾರು ಕಾರ್ಖಾನೆ ಕಟ್ಟಿದವನು. ಆತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲವೆಂಬುದು ಒಂದು ವಿಶೇಷ. 1950ರಲ್ಲಿ ಆತ ತನ್ನ ಗಟ್ಟಿ ಒಡಲಿನ ಗಿಟಾರಿಗೆ ಬ್ರಾಡ್‌ಕ್ಯಾಸ್ಟರ್, ಎಂದರೆ ಪ್ರಸಾರಕ, ಎಂದು ಹೆಸರಿಟ್ಟ. ಗ್ರೆಚ್ ಎಂಬ ಮತ್ತೊಂದು ಕಂಪನಿ ತನ್ನ ಡ್ರಮ್ಮುಗಳಿಗೆ ಅದೇ ಉಚ್ಚಾರಣೆಯ ಹೆಸರಿದೆಯೆಂದು ಆಕ್ಷೇಪಿಸಿತು. ಫೆಂಡರ್ ಕಾರ್ಖಾನೆಯವರು ಮಿತವ್ಯಯದ ಜನ. ಅಚ್ಚಾಗಿದ್ದ ಚೀಟಿಗಳನ್ನು ಎಸೆಯದೆ, ಅದರಲ್ಲಿದ್ದ ‘ಬ್ರಾಡ್‌ಕ್ಯಾಸ್ಟರ್’ ಎಂಬ ಮಾತನ್ನು ಮಾತ್ರ ಕತ್ತರಿಸಿ, ‘ಫೆಂಡರ್’ ಎಂಬುದನ್ನಷ್ಟೇ ಉಳಿಸಿ ಅಂಟಿಸಿದರು. 1951ರಲ್ಲಿ ಕೆಲವು ತಿಂಗಳು ಆ ಗಿಟಾರುಗಳು ಹೆಸರಿಲ್ಲದೆಯೇ ಹೊರಬಂದವು. ಆಮೇಲೆ, ಆಗತಾನೇ ಮನೆಮನೆಗೆ ಬರುತ್ತಿದ್ದ ಟೆಲಿವಿಷನ್ನನ್ನು ನೆನೆದು, ಟೆಲಿಕ್ಯಾಸ್ಟರ್ ಎಂಬ ಹೆಸರಾಯಿತು. ಇಂದು ಆ ಹೆಸರಿಲ್ಲದ ಗಿಟಾರುಗಳನ್ನು ಸಂಗ್ರಹಕಾರರು ಹುಡುಕಿಕೊಂಡು ಹೋಗುತ್ತಾರೆ. ಕಾಲವನ್ನು ಹೇಳಲು ಸಂಖ್ಯೆಯೇ ಆಗಬೇಕೆಂದಿಲ್ಲ, ಇಲ್ಲದ ಹೆಸರೂ ಸಾಕಾಗಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ಈಗ ನಂಬರಿನ ಮಾತಿಗೆ ಬರೋಣ. ಕಾರ್ಖಾನೆಯವರು ಗಿಟಾರಿನ ಮೇಲೆ ನಂಬರು ಹಾಕಿದ್ದು ಅರವತ್ತು ವರ್ಷಗಳ ಮೇಲೆ ಇತಿಹಾಸಕಾರರಿಗೆ ಅನುಕೂಲವಾಗಲಿ ಎಂದಲ್ಲ. ಮಾರಿದ ಲೆಕ್ಕ ಇಡುವುದಕ್ಕೆ, ದುರಸ್ತಿಗೆ ಬಂದದ್ದು ತಮ್ಮ ಮಾಲೇ ಎಂದು ಗುರುತಿಸುವುದಕ್ಕೆ, ಕಳವಾದರೆ ಒಡೆಯ ಹೇಳಿಕೊಳ್ಳುವುದಕ್ಕೆ ಅದು ಬೇಕಾಗಿತ್ತು. ಅಷ್ಟಕ್ಕೆ ಒಂದು ಗಿಟಾರಿನ ನಂಬರು ಇನ್ನೊಂದಕ್ಕಿಂತ ಬೇರೆಯಾಗಿದ್ದರೆ ಆಯಿತು. ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು ಎಂಬ ಕ್ರಮ ತಪ್ಪಬಾರದೆಂಬ ನಿರ್ಬಂಧ ಯಾರಿಗೂ ಇರಲಿಲ್ಲ.

ಫೆಂಡರ್ ಗಿಟಾರುಗಳನ್ನೇ ನೋಡಿ. 1950ರಿಂದ 1954ರವರೆಗೆ ನಂಬರು ಕುದುರೆಯ ತಗಡಿನ ಮೇಲೆ ಇರುತ್ತಿತ್ತು. ಮೊದಲ ಕೆಲವು ಸ್ಟ್ರಾಟೋಕ್ಯಾಸ್ಟರುಗಳಲ್ಲಿ ಅದು ಬೆನ್ನಿನ ಪ್ಲಾಸ್ಟಿಕ್ ಮುಚ್ಚಳದ ಮೇಲಿದೆ. ಅನಂತರ 1976ರವರೆಗೆ, ದಂಡಿಯನ್ನು ಒಡಲಿಗೆ ಬಿಗಿಯುವ ಚೌಕ ತಗಡಿನ ಮೇಲೆ. ಈ ತಗಡುಗಳಿಗೆ ಮೊದಲೇ ನಂಬರು ಒತ್ತಿ ಒಂದು ಡಬ್ಬಿಯಲ್ಲಿ ಹಾಕಿಟ್ಟಿರುತ್ತಿದ್ದರು. ಜೋಡಿಸುವ ಕೆಲಸಗಾರನ ಕೈಗೆ ಯಾವುದು ಸಿಕ್ಕಿತೋ ಅದು ಆ ಗಿಟಾರಿನ ಬೆನ್ನೇರಿತು. ಡಬ್ಬಿಯ ತಳದಲ್ಲಿ ಉಳಿದ ತಗಡು ತಿಂಗಳುಗಟ್ಟಲೆ ತಡವಾಗಿ ಹೊರಬರುತ್ತಿತ್ತು. ಹೀಗಾಗಿ ದೊಡ್ಡ ನಂಬರಿನ ಗಿಟಾರು ಚಿಕ್ಕ ನಂಬರಿನದಕ್ಕಿಂತ ಹಳೆಯದಾಗಿರುವುದು ಇಲ್ಲಿ ಸಾಮಾನ್ಯ. 0001ರ ಒಗಟನ್ನೂ ಈ ಹಿನ್ನೆಲೆಯಲ್ಲಿಯೇ ನೋಡಬೇಕು.

1965ರ ಜನವರಿಯಲ್ಲಿ ಫೆಂಡರ್ ಕಂಪನಿಯನ್ನು ಒಂದು ಕೋಟಿ 30 ಲಕ್ಷ ಡಾಲರು ಕೊಟ್ಟು ಕೊಂಡವರು ಅಮೆರಿಕದ ಸಿ.ಬಿ.ಎಸ್. ಎಂಬ ರೇಡಿಯೋ ಮತ್ತು ಟೆಲಿವಿಷನ್ ಪ್ರಸಾರ ಸಂಸ್ಥೆಯವರು. ಅವರ ಕೈಗೆ ಹೋದಮೇಲೆ ಗಿಟಾರಿನ ಗುಣಮಟ್ಟ ಇಳಿಯಿತೆಂಬುದು ವಾದಕರ ಸಾಮಾನ್ಯ ಅಭಿಪ್ರಾಯ. ಆದ್ದರಿಂದ ಅದಕ್ಕೆ ಹಿಂದಿನ ಗಿಟಾರುಗಳಿಗೆ ಬೆಲೆ ಬಹಳ ಹೆಚ್ಚು. ಆ ಕಾಲದ ತಗಡುಗಳಲ್ಲಿ ಅಂಕಿಗಳ ಮುಂದೆ ‘ಎಲ್’ ಎಂಬ ಅಕ್ಷರ ಇರುತ್ತದೆ. ‘ಎಲ್’ ಇದೆ, ಆದ್ದರಿಂದ ಇದು ಸಿ.ಬಿ.ಎಸ್.ಗೆ ಮುಂಚಿನದು ಎಂದು ಮಾರುವವರು ಹೇಳುವುದುಂಟು. ಆದರೆ ‘ಎಲ್’ ತಗಡುಗಳು ಸುಮಾರು 1963ರಿಂದ 1965ರ ಕೊನೆಯವರೆಗೂ ಬಳಕೆಯಲ್ಲಿದ್ದವು. ಎಂದರೆ ಕಂಪನಿ ಕೈ ಬದಲಾಯಿಸಿ ಹಲವು ತಿಂಗಳು ಕಳೆದಮೇಲೂ ಅವು ಡಬ್ಬಿಯಿಂದ ಬರುತ್ತಲೇ ಇದ್ದವು. ಒಂದು ಅಕ್ಷರವನ್ನು ನಂಬಿ ಹೆಚ್ಚಿನ ಬೆಲೆ ತೆರುವವರು ಈ ಸಂಗತಿಯನ್ನು ತಿಳಿದಿರಬೇಕು.

1976ರಿಂದ ಫೆಂಡರ್ ನಂಬರು ಬೆನ್ನಿನಿಂದ ತಲೆಗೆ ಏರಿತು. ಜೊತೆಗೆ ಕಾಲವನ್ನು ಸೂಚಿಸುವ ಅಕ್ಷರವೂ ಬಂತು. ‘ಎಸ್’ ಎಂದರೆ 1970ರ ದಶಕ, ‘ಇ’ ಎಂದರೆ 1980ರದು, ‘ಎನ್’ ಎಂದರೆ 1990ರದು, ‘ಝಡ್’ ಎಂದರೆ 2000ದ ದಶಕ. ಅಕ್ಷರದ ಮುಂದಿನ ಅಂಕಿ ದಶಕದ ವರ್ಷ. ಹಾಗಾಗಿ ‘ಎಸ್ 8’ ಎಂದು ಆರಂಭವಾದರೆ 1978, ‘ಎನ್ 5’ ಎಂದರೆ 1995. 2010ರಿಂದ ಅಮೆರಿಕದಲ್ಲಿ ತಯಾರಾದವಕ್ಕೆ ‘ಯು.ಎಸ್.’ ಎಂದು ಬರೆದು ಇಸವಿಯ ಕೊನೆಯ ಎರಡು ಅಂಕಿ ಹಾಕತೊಡಗಿದರು. ಈಗ ಎಲ್ಲವೂ ಸರಳವಾಯಿತು ಎನ್ನುವಷ್ಟರಲ್ಲಿ ಮತ್ತೆ ಮಿತವ್ಯಯ ಅಡ್ಡ ಬರುತ್ತದೆ. ಈ ನಂಬರುಗಳು ಮೊದಲೇ ಅಚ್ಚುಹಾಕಿಸಿದ ಅಂಟುಚೀಟಿಗಳು. 1985ರಲ್ಲಿ ಸಿ.ಬಿ.ಎಸ್.ನವರು ಕಂಪನಿಯನ್ನು ಅದರ ನೌಕರರ ತಂಡಕ್ಕೆ ಮಾರಿದಾಗ ‘ಇ 4’ ಚೀಟಿಗಳು ರಾಶಿ ಉಳಿದಿದ್ದವು. ಅವುಗಳನ್ನೇ ಮುಂದಿನ ಎರಡು ಮೂರು ವರ್ಷ ಅಂಟಿಸಿದರು. 1987ರಲ್ಲಿ ಹುಟ್ಟಿದ ಗಿಟಾರು ತಾನು 1984ರದೆಂದು ಹೇಳಿಕೊಳ್ಳುವುದು ಹೀಗೆ. ಇದರಲ್ಲಿ ಯಾರ ಮೋಸವೂ ಇಲ್ಲ. ಚೀಟಿಯನ್ನು ಹಾಳುಮಾಡಬಾರದೆಂಬ ಗೃಹಿಣಿಯ ಬುದ್ಧಿ ಇದೆ, ಅಷ್ಟೇ.

ಅಮೆರಿಕದ ಇನ್ನೊಂದು ದೊಡ್ಡ ಮನೆತನ ಗಿಬ್ಸನ್. ಇದರ ಹಳೆಯ ಕಾರ್ಖಾನೆ ಮಿಷಿಗನ್ ರಾಜ್ಯದ ಕಲಮಜೂ ಎಂಬ ಊರಿನಲ್ಲಿತ್ತು. 1952ರಲ್ಲಿ ಹೊರಬಂದ ಲೆಸ್ ಪಾಲ್ ಎಂಬ ಗಿಟಾರು ಇವರ ಕೀರ್ತಿಶಿಖರ. ಆ ಮೊದಲ ವರ್ಷದವುಗಳಿಗೆ ನಂಬರೇ ಇರಲಿಲ್ಲ. 1953ರಿಂದ 1960ರವರೆಗೆ ತಲೆಯ ಹಿಂಭಾಗದಲ್ಲಿ ಶಾಯಿಯಿಂದ ನಂಬರು ಒತ್ತುತ್ತಿದ್ದರು. ಅದರ ಮೊದಲ ಅಂಕಿಯೇ ಇಸವಿಯ ಕೊನೆಯ ಅಂಕಿ. 9ರಿಂದ ಆರಂಭವಾದರೆ 1959. ಇಷ್ಟು ಸರಳವಾದ ಪದ್ಧತಿ ಬೇರೆ ಇಲ್ಲ.

ಆದರೆ 1960ರ ದಶಕದಲ್ಲಿ ಗಿಟಾರಿಗೆ ಬೇಡಿಕೆ ಪ್ರವಾಹದಂತೆ ಬಂತು. ಗಿಬ್ಸನ್‌ನವರು ಶಾಯಿ ಬಿಟ್ಟು ನಂಬರನ್ನು ಮರದಲ್ಲಿಯೇ ಒತ್ತತೊಡಗಿದರು. ಹಿಂದಿನ ವರ್ಷ ಬಳಸಿದ ನಂಬರುಗಳನ್ನೇ ಮುಂದಿನ ವರ್ಷಗಳಲ್ಲಿ ಮತ್ತೆ ಬಳಸಿದರು. ಒಂದೇ ನಂಬರು ಬೇರೆ ಬೇರೆ ವರ್ಷದ ಹಲವು ಗಿಟಾರುಗಳ ಮೇಲೆ ಇರುವುದು ಇದರಿಂದ ಆದ ಫಲ. ಆ ದಶಕದ ಗಿಬ್ಸನ್ನಿಗೆ ನಂಬರಿನ ಪಟ್ಟಿ ನೋಡಿ ವರ್ಷ ಹೇಳುತ್ತೇನೆ ಎನ್ನುವವನ ಮಾತನ್ನು ಅರ್ಧ ಮಾತ್ರ ನಂಬಬೇಕು. ಅಲ್ಲಿ ಅಳತೆಗೋಲು ಹೆಚ್ಚು ಸಹಾಯಕ. 1965ರಲ್ಲಿ ದಂಡಿಯನ್ನು ತಲೆಯ ಬಳಿ ಸುಮಾರು ಅಂಗುಲದ ಎಂಟನೆಯ ಒಂದು ಭಾಗದಷ್ಟು ಕಿರಿದು ಮಾಡಿದರು. 1970ರಿಂದ ನಂಬರಿನ ಕೆಳಗೆ ‘ಮೇಡ್ ಇನ್ ಯು.ಎಸ್.ಎ.’ ಎಂಬ ಮುದ್ರೆ ಬಂತು. ಆರಂಕಿಯ ನಂಬರಿದ್ದು ಈ ಮುದ್ರೆಯೂ ಇದ್ದರೆ, ಅದು 1960ರ ದಶಕದ್ದಲ್ಲವೆಂದು ಧೈರ್ಯವಾಗಿ ಹೇಳಬಹುದು.

1977ರಲ್ಲಿ ಗಿಬ್ಸನ್‌ನವರು ಎಂಟು ಅಂಕಿಗಳ ಒಂದು ಅಚ್ಚುಕಟ್ಟಾದ ಪದ್ಧತಿ ತಂದರು. ಇದು ತಿಳಿದಿದ್ದರೆ ಮನೆಯಲ್ಲಿ ಕುಳಿತೇ ಲೆಕ್ಕ ಹಾಕಬಹುದು. ಉದಾಹರಣೆಗೆ 80451523 ಎಂಬ ನಂಬರನ್ನು ತೆಗೆದುಕೊಳ್ಳಿ. ಮೊದಲನೆಯ ಅಂಕಿ 8, ಐದನೆಯ ಅಂಕಿ 1; ಎರಡನ್ನೂ ಕೂಡಿಸಿ ಓದಿದರೆ 81, ಎಂದರೆ 1981. ನಡುವಿನ ಮೂರು ಅಂಕಿ 045. ವರ್ಷದ 45ನೆಯ ದಿನ. ಜನವರಿಗೆ 31 ಕಳೆದರೆ 14 ಉಳಿಯಿತು, ಫೆಬ್ರವರಿ 14. ಕೊನೆಯ ಮೂರು ಅಂಕಿ 523. ಕಲಮಜೂ ಕಾರ್ಖಾನೆ 1984ರಲ್ಲಿ ಮುಚ್ಚುವವರೆಗೆ 500ಕ್ಕಿಂತ ಕೆಳಗಿನವು ಅಲ್ಲಿಯವು. 500 ಮತ್ತು ಅದಕ್ಕೆ ಮೇಲಿನವು ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ಕಾರ್ಖಾನೆಯವು. ಆದ್ದರಿಂದ ಇದು 1981ನೆಯ ಇಸವಿ ಫೆಬ್ರವರಿ 14ರಂದು ನ್ಯಾಶ್‌ವಿಲ್‌ನಲ್ಲಿ ನಂಬರು ಪಡೆದ ಗಿಟಾರು. ಈ ಸೂತ್ರ 2005ರವರೆಗೆ ನಡೆಯಿತು. ಆಮೇಲೆ ಒಂಬತ್ತು ಅಂಕಿ ಆಯಿತು. ನಡುವೆ 1994ರಲ್ಲಿ ಮಾತ್ರ, ಸಂಸ್ಥೆಯ ಶತಮಾನೋತ್ಸವವೆಂದು, 94 ಎಂದು ಆರಂಭವಾಗುವ ಬೇರೆ ನಂಬರು ಹಾಕಿದರು. ಆ ವರ್ಷದ ಗಿಟಾರಿಗೆ ಈ ಸೂತ್ರವನ್ನು ಹಚ್ಚಿದರೆ ಇಲ್ಲದ ದಿನ ಬರುತ್ತದೆ.

ಇನ್ನು ಗಿಬ್ಸನ್ ಲೋಕದ ಅತಿ ಸೂಕ್ಷ್ಮವಾದ ವಿಷಯ. 1958ರಿಂದ 1960ರವರೆಗೆ ತಯಾರಾದ ಸೂರ್ಯಾಸ್ತದ ಬಣ್ಣದ ಲೆಸ್ ಪಾಲ್‌ಗಳ ಒಟ್ಟು ಸಂಖ್ಯೆ ಎರಡು ಸಾವಿರವನ್ನೂ ಮುಟ್ಟಲಿಲ್ಲ. ಇಂದು ಅಂಥದೊಂದಕ್ಕೆ ಲಕ್ಷಗಟ್ಟಲೆ ಡಾಲರು ಬೆಲೆ. ಅಷ್ಟು ಕೊಡಲಾರದವರಿಗಾಗಿ ಗಿಬ್ಸನ್‌ನವರೇ 1993ರಿಂದ ಹಳೆಯದರ ಯಥಾವತ್ ಪ್ರತಿಗಳನ್ನು ಮಾಡುತ್ತ ಬಂದಿದ್ದಾರೆ. ಪ್ರತಿಯೆಂದಮೇಲೆ ನಂಬರೂ ಹಳೆಯದರಂತೆಯೇ: ಶಾಯಿಯಲ್ಲಿ, ಮೊದಲು 9, ಸ್ವಲ್ಪ ಜಾಗ ಬಿಟ್ಟು ನಾಲ್ಕು ಅಂಕಿ. ಇಲ್ಲಿ 9 ಎಂದರೆ ‘1959ರ ಮಾದರಿ’. ಅದರ ಮುಂದಿನ ಅಂಕಿ ನಿಜವಾಗಿ ತಯಾರಾದ ವರ್ಷದ ಕೊನೆಯ ಅಂಕಿ. 9 3ರಿಂದ ಆರಂಭವಾದದ್ದು 1993ರದೂ ಆಗಬಹುದು, 2003ರದೂ ಆಗಬಹುದು, 2013ರದೂ ಆಗಬಹುದು. ಬರಿಯ ನಂಬರನ್ನು ಕಾಗದದ ಮೇಲೆ ಬರೆದು ತೋರಿಸಿದರೆ 1959ರ ಅಸಲಿಗೂ ಈಚಿನ ಪ್ರತಿಗೂ ಯಾವ ಭೇದವೂ ಕಾಣದು. ಕಂಪನಿ ಪ್ರಾಮಾಣಿಕವಾಗಿ ಮಾಡಿದ ವಸ್ತುವನ್ನು ಮುಂದೊಬ್ಬ ಅಪ್ರಾಮಾಣಿಕನು ಮಾರುವ ಅವಕಾಶ ಇಲ್ಲಿದೆ.

ಹೀಗೆ ಒಂದೊಂದು ಮನೆತನಕ್ಕೂ ಒಂದೊಂದು ವ್ಯಾಕರಣ. ರಿಕನ್‌ಬ್ಯಾಕರ್ ಎಂಬ ಕ್ಯಾಲಿಫೋರ್ನಿಯದ ಕಂಪನಿಯಲ್ಲಿ ಮೊದಲ ಅಕ್ಷರವೇ ಇಸವಿ. ‘ಎ’ ಎಂದರೆ 1961, ‘ಬಿ’ ಎಂದರೆ 1962, ಹೀಗೆ ‘ಝಡ್’ ಎಂದರೆ 1986. ಜಪಾನಿನ ಐಬನೇಜ್ ಗಿಟಾರುಗಳಲ್ಲಿ 1975ರ ಕೊನೆಯಿಂದ ಮೊದಲ ಅಕ್ಷರ ತಿಂಗಳು. ‘ಎ’ ಜನವರಿ, ‘ಎಲ್’ ಡಿಸೆಂಬರ್. ಅದರ ಮುಂದಿನ ಎರಡು ಅಂಕಿ ಇಸವಿ. ‘ಎಫ್ 78’ ಎಂದರೆ 1978ರ ಜೂನ್. ಅದೇ ‘ಎಫ್’ ರಿಕನ್‌ಬ್ಯಾಕರ್ ಮೇಲೆ 1966. ಫೆಂಡರ್ ತಗಡಿನ ಮೇಲೆ ಅಲಂಕಾರದ ‘ಎಫ್’ ಎಂದರೆ 1965ರ ಕೊನೆಯಿಂದ 1976ರವರೆಗಿನ ಹನ್ನೊಂದು ವರ್ಷ. ಅಕ್ಷರ ಒಂದೇ, ಅರ್ಥ ಮೂರು. ಆದ್ದರಿಂದ ನಂಬರನ್ನು ಓದುವುದಕ್ಕೆ ಮೊದಲು ವಾದ್ಯ ಯಾರದು, ಯಾವ ದೇಶದ್ದು ಎಂದು ನಿಶ್ಚಯಿಸಬೇಕು. ತಲೆಯ ಮೇಲೆ ಒಂದು ಮನೆತನದ ಹೆಸರಿದ್ದು, ನಂಬರು ಆ ಮನೆತನದ ಯಾವ ಕಾಲದ ವ್ಯಾಕರಣಕ್ಕೂ ಹೊಂದದಿದ್ದರೆ ಅಲ್ಲಿ ಎಚ್ಚರಗೊಳ್ಳಬೇಕು.

ಹಾಗಾದರೆ ನಂಬರಿನ ಮಾತನ್ನು ಸಮರ್ಥಿಸುವ ಬೇರೆ ಸಾಕ್ಷಿಗಳು ಯಾವುವು? ನ್ಯಾಯಾಲಯದಲ್ಲಿ ಒಬ್ಬನೇ ಸಾಕ್ಷಿಯ ಮಾತಿಗೆ ಎಷ್ಟು ಬೆಲೆಯೋ ಇಲ್ಲಿಯೂ ಅಷ್ಟೇ. ನಾಲ್ವರು ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರೆ ಆಗ ನಂಬಿಕೆ ಹುಟ್ಟುತ್ತದೆ.

ಮೊದಲನೆಯ ಸಾಕ್ಷಿ ದಂಡಿಯ ಬುಡ. ಫೆಂಡರ್ ಗಿಟಾರಿನ ದಂಡಿಯನ್ನು ಕಳಚಿದರೆ, ಒಡಲೊಳಗೆ ಅಡಗಿರುವ ಅದರ ಬುಡದಲ್ಲಿ ತಿಂಗಳು ಇಸವಿಗಳನ್ನು ಕೆಲಸಗಾರ ಸೀಸದಕಡ್ಡಿಯಿಂದ ಬರೆದಿರುತ್ತಾನೆ. 1962ರಿಂದ ಅದೇ ಜಾಗದಲ್ಲಿ ರಬ್ಬರಿನ ಮುದ್ರೆ ಬಂತು. ‘2 ನವೆಂಬರ್ 63 ಬಿ’ ಎಂದು ಮುದ್ರೆ ಇದ್ದರೆ ಎಷ್ಟೋ ಮಂದಿ ಅದನ್ನು ನವೆಂಬರ್ ಎರಡನೆಯ ತಾರೀಖು ಎಂದು ಓದುತ್ತಾರೆ. ಅಲ್ಲಿಯ 2 ತಾರೀಖಲ್ಲ. ಸ್ಟ್ರಾಟೋಕ್ಯಾಸ್ಟರ್ ಎಂಬುದರ ಗುರುತು. ‘ಬಿ’ ಎಂದರೆ ದಂಡಿಯ ಅಗಲ. ತಿಳಿಯುವುದು ತಿಂಗಳು ಮತ್ತು ವರ್ಷ ಮಾತ್ರ. ಅದೂ ದಂಡಿ ಸಿದ್ಧವಾದ ಕಾಲ. ಗಿಟಾರು ಪೂರ್ಣವಾದದ್ದು ಅದಕ್ಕಿಂತ ತರುವಾಯ.

ಎರಡನೆಯ ಸಾಕ್ಷಿಯನ್ನು ನಮ್ಮ ಹಳೆಯ ರೇಡಿಯೋ ರಿಪೇರಿಯವರು ಚೆನ್ನಾಗಿ ಬಲ್ಲರು. ರೇಡಿಯೋವಿನ ಧ್ವನಿಯನ್ನು ಏರಿಸಲು ಇಳಿಸಲು ನೀವು ತಿರುಗಿಸುವ ಗುಂಡಿಯ ಹಿಂದೆ ಒಂದು ದುಂಡನೆಯ ಬಿಡಿಭಾಗವಿರುತ್ತದೆಯಲ್ಲ, ಅದೇ ವಾಲ್ಯೂಮ್ ಕಂಟ್ರೋಲು. ಗಿಟಾರಿನಲ್ಲಿಯೂ ಅದೇ ಇದೆ. ಅಮೆರಿಕದ ರೇಡಿಯೋ ತಯಾರಕರ ಸಂಘ ಇಂಥ ಬಿಡಿಭಾಗಗಳಿಗೆ ಒಂದು ಸಂಕೇತ ಪದ್ಧತಿಯನ್ನು ಏರ್ಪಡಿಸಿತ್ತು. ಮೊದಲ ಮೂರು ಅಂಕಿ ತಯಾರಿಸಿದ ಕಂಪನಿ, ಮುಂದಿನವು ಇಸವಿ, ಕೊನೆಯ ಎರಡು ವರ್ಷದ ಎಷ್ಟನೆಯ ವಾರ ಎಂಬುದು. 304 ಎಂದರೆ ಸ್ಟ್ಯಾಕ್‌ಪೋಲ್ ಕಂಪನಿ, 137 ಎಂದರೆ ಸಿ.ಟಿ.ಎಸ್. 1376612 ಎಂದಿದ್ದರೆ ಸಿ.ಟಿ.ಎಸ್. ಕಂಪನಿ 1966ರ ಹನ್ನೆರಡನೆಯ ವಾರದಲ್ಲಿ ಮಾಡಿದ್ದು. ಅದಕ್ಕೂ ಹಳೆಯವುಗಳಲ್ಲಿ ಇಸವಿಗೆ ಒಂದೇ ಅಂಕಿ.

ಈ ಸಾಕ್ಷಿ ಹೇಳುವುದನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. 1966ರ ಬಿಡಿಭಾಗ ಇರುವ ಗಿಟಾರು 1965ರಲ್ಲಿ ಪೂರ್ಣವಾಗಿರಲಾರದು, ಇಷ್ಟು ಖಂಡಿತ. ಆದರೆ ಅದು 1966ರದೇ ಎಂದಲ್ಲ. ಫೆಂಡರ್‌ನವರು 1966ರಲ್ಲಿ ಈ ಬಿಡಿಭಾಗಗಳನ್ನು ಭಾರಿ ಪ್ರಮಾಣದಲ್ಲಿ ಕೊಂಡು ಮುಂದೆ ಹಲವು ವರ್ಷ ಬಳಸಿದರು. ‘ಇದಕ್ಕಿಂತ ಮುಂಚಿನದಲ್ಲ’ ಎಂದು ಮಾತ್ರ ಈ ಸಾಕ್ಷಿ ಹೇಳುತ್ತದೆ. ಬೆಸುಗೆ ಹೊಸದಾಗಿ ಕಂಡರೆ, ಬಿಡಿಭಾಗವನ್ನೇ ಬದಲಾಯಿಸಿರಬಹುದು; ಆಗ ಈ ಸಾಕ್ಷ್ಯವೂ ಸಡಿಲವಾಯಿತು.

ಮೂರನೆಯ ಸಾಕ್ಷಿ ಮರ. ಫೆಂಡರ್ ದಂಡಿಗಳು 1950ರಿಂದ ಮೇಪಲ್ ಎಂಬ ಬಿಳಿಚು ಮರದವು. 1959ರಲ್ಲಿ ಸ್ಟ್ರಾಟೋಕ್ಯಾಸ್ಟರ್ ಟೆಲಿಕ್ಯಾಸ್ಟರ್‌ಗಳ ದಂಡಿಯ ಮೇಲೆ ಕಪ್ಪು ಛಾಯೆಯ ರೋಸ್‌ವುಡ್ ಪಟ್ಟಿ ಬಂತು. ಮೊದಲು ಅದು ಬ್ರೆಜಿಲ್ ದೇಶದ ಮರ; 1960ರ ದಶಕದ ನಡುವಿನಿಂದ ಭಾರತದ ರೋಸ್‌ವುಡ್. ಈ ಭಾರತದ ರೋಸ್‌ವುಡ್ ಎಂದರೆ ಬೇರೆ ಯಾವುದೂ ಅಲ್ಲ, ನಮ್ಮ ಮಲೆನಾಡು ಕೊಡಗುಗಳ ಕಾಡುಗಳಲ್ಲಿ ಬೆಳೆಯುವ ಬೀಟೆ. ಮೈಸೂರಿನ ಕುಶಲಕರ್ಮಿಗಳು ಕೆತ್ತನೆಯ ಚಿತ್ರಗಳನ್ನು ಕೂರಿಸುವ ಅದೇ ಬೀಟೆ.

ಈ ಮರದ ದೆಸೆಯಿಂದ ಗಿಟಾರಿನ ವಯಸ್ಸು ಕಾನೂನಿನ ಪ್ರಶ್ನೆಯೂ ಆಗಿದೆ. ಬ್ರೆಜಿಲಿನ ರೋಸ್‌ವುಡ್ ನಾಶವಾಗುತ್ತ ಬಂದದ್ದರಿಂದ 1992ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅದರ ವ್ಯಾಪಾರವನ್ನು ನಿಷೇಧಿಸಿದರು. ಅದಕ್ಕೆ ಹಿಂದಿನ ಮರವೆಂದು ರುಜುವಾತು ಕೊಟ್ಟು ಪ್ರಮಾಣಪತ್ರ ಪಡೆದರೆ ಮಾತ್ರ ಅಂಥ ಗಿಟಾರನ್ನು ಮಾರಾಟಕ್ಕೆ ದೇಶದ ಗಡಿ ದಾಟಿಸಬಹುದು. 2017ರ ಆರಂಭದಲ್ಲಿ ನಮ್ಮ ಬೀಟೆಯೂ ಸೇರಿದಂತೆ ಆ ಕುಲದ ಎಲ್ಲ ಮರಗಳಿಗೂ ಪರವಾನಗಿಯ ನಿಯಮ ಬಂತು. 2019ರ ನವೆಂಬರಿನಲ್ಲಿ ಸಿದ್ಧವಾದ ಸಂಗೀತವಾದ್ಯಗಳಿಗೆ ಅದರಿಂದ ವಿನಾಯಿತಿ ದೊರೆಯಿತು. ಬ್ರೆಜಿಲಿನ ಮರಕ್ಕೆ ಆ ವಿನಾಯಿತಿ ಇಲ್ಲ. ಸುಂಕದ ಕಟ್ಟೆಯಲ್ಲಿ ಅಧಿಕಾರಿಯ ಮುಂದೆ ನಿಂತಾಗ ತಯಾರಿಕೆಯ ವರ್ಷಕ್ಕೆ ಎಂಥ ತೂಕ ಬರುತ್ತದೆಂದು ನೀವೇ ಊಹಿಸಬಹುದು.

ಇಷ್ಟೆಲ್ಲ ಸಾಕ್ಷಿಗಳೂ ಬೇರೆ ಬೇರೆ ಕಾಲ ಹೇಳಿದರೆ? ಅದಕ್ಕೂ ಒಂದು ಪ್ರಸಿದ್ಧ ಉದಾಹರಣೆ ಇದೆ. ಎರಿಕ್ ಕ್ಲಾಪ್ಟನ್ ಎಂಬ ಇಂಗ್ಲಿಷ್ ವಾದಕರು 1970ರಲ್ಲಿ ನ್ಯಾಶ್‌ವಿಲ್‌ನ ಒಂದು ಅಂಗಡಿಯಲ್ಲಿ ಹಳೆಯ ಸ್ಟ್ರಾಟೋಕ್ಯಾಸ್ಟರ್‌ಗಳನ್ನು ಆರರಷ್ಟು ಒಮ್ಮೆಗೇ ಕೊಂಡರು. ಮೂರನ್ನು ಸ್ನೇಹಿತರಿಗೆ ಕೊಟ್ಟು, ಉಳಿದ ಮೂರರ ಒಳ್ಳೆಯ ಭಾಗಗಳನ್ನು ಒಟ್ಟುಗೂಡಿಸಿ ಒಂದು ಕಪ್ಪು ಗಿಟಾರನ್ನು ಮಾಡಿಕೊಂಡರು. ‘ಬ್ಲ್ಯಾಕಿ’ ಎಂದೇ ಅದು ಜಗತ್ಪ್ರಸಿದ್ಧವಾಯಿತು. 2004ರಲ್ಲಿ ಹರಾಜಾದಾಗ ಬಂದ ಬೆಲೆ 9 ಲಕ್ಷ 59 ಸಾವಿರದ 500 ಡಾಲರು. ಮೂರು ಗಿಟಾರುಗಳ ಅಂಗಗಳಿಂದಾದ ಈ ವಾದ್ಯದ ಹುಟ್ಟಿದ ದಿನ ಯಾವುದು? ಯಾವ ನಂಬರೂ ಹೇಳಲಾರದು. ಆದರೂ ಯಾರಿಗೂ ಮೋಸವಾಗಲಿಲ್ಲ. ಏಕೆಂದರೆ ಅದು ಜೋಡಿಸಿದ ಗಿಟಾರೆಂಬುದನ್ನು ಮುಚ್ಚಿಟ್ಟಿರಲಿಲ್ಲ. ದಂಡಿ ಬದಲಾಗಿದ್ದರೆ, ಬಣ್ಣ ಬಳಿದಿದ್ದರೆ ದೋಷವೇನಲ್ಲ. ಅದನ್ನು ಹೇಳದೆ ಅಸಲಿನ ಬೆಲೆ ಕೇಳುವುದು ದೋಷ. ತಗಡನ್ನು ಬಿಚ್ಚಲು ನಾಲ್ಕು ತಿರುಪು ಸಡಿಲಿಸಿದರೆ ಸಾಕು ಎಂಬುದನ್ನು ಮಾತ್ರ ಕೊಳ್ಳುವವರು ಮರೆಯಬಾರದು.

ನಂಬರಿನಿಂದ ಆಗದ ಕೆಲಸ ಮರದ ಗೆರೆಯಿಂದ ಆದದ್ದೂ ಉಂಟು. ಕೆನಡಾದ ರ್ಯಾಂಡಿ ಬಾಕ್ಮನ್ ಎಂಬ ವಾದಕರ 1957ರ ಗ್ರೆಚ್ ಗಿಟಾರು 1976ರಲ್ಲಿ ಟೊರಾಂಟೋ ನಗರದ ಹೋಟೆಲಿನಲ್ಲಿ ಕಳವಾಯಿತು. ಅವರು ಹುಡುಕದ ಜಾಗವಿಲ್ಲ. ನಲವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 2020ರಲ್ಲಿ, ಅಭಿಮಾನಿಯೊಬ್ಬರು ಹಳೆಯ ಚಿತ್ರಗಳಲ್ಲಿ ಕಾಣುತ್ತಿದ್ದ ಮರದ ಒಂದು ಸಣ್ಣ ಕಪ್ಪು ಗಂಟನ್ನು ಗುರುತಾಗಿಟ್ಟುಕೊಂಡು, ಕಂಪ್ಯೂಟರಿನ ನೆರವಿನಿಂದ ಲೋಕದ ಚಿತ್ರಗಳನ್ನೆಲ್ಲ ಜಾಲಾಡಿದರು. ಗಿಟಾರು ಜಪಾನಿನ ಒಬ್ಬ ಸಂಗೀತಗಾರನ ಕೈಯಲ್ಲಿತ್ತು. ಆತನಿಗೆ ಕಳವಿನ ವಿಷಯವೇ ಗೊತ್ತಿರಲಿಲ್ಲ. ಅದಕ್ಕೆ ಬದಲಾಗಿ 1957ರದೇ ಇನ್ನೊಂದು ಗ್ರೆಚ್ ಗಿಟಾರನ್ನು ಹುಡುಕಿ ಕೊಟ್ಟು, 2022ರ ಜುಲೈ ಒಂದರಂದು ಟೋಕಿಯೋದಲ್ಲಿ ಬಾಕ್ಮನ್ ತಮ್ಮದನ್ನು ಮರಳಿ ಪಡೆದರು.

ಈಗ ನಿಮ್ಮ ಮನೆಗೆ ಬೇಕಾದ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಹಳೆಯ ಗಿಟಾರನ್ನು ಕೊಳ್ಳುವಾಗ ನಂಬರಿನಿಂದ ಆರಂಭಿಸಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಮೊದಲು ಮನೆತನ, ಆಮೇಲೆ ನಂಬರು, ಅನಂತರ ದಂಡಿ, ಬಿಡಿಭಾಗ, ಮರ. ಇವೆಲ್ಲ ಒಂದೆರಡು ವರ್ಷಗಳ ಅಂತರದೊಳಗೆ ಹೊಂದಿದರೆ ಸಂತೋಷ. ಒಂದು ಸಾಕ್ಷಿ ಹತ್ತು ವರ್ಷ ಆಚೆ ನಿಂತರೆ ಮಾರುವವರನ್ನು ಕಾರಣ ಕೇಳಿ. ಪ್ರಾಮಾಣಿಕರಿಗೆ ಉತ್ತರ ಗೊತ್ತಿರುತ್ತದೆ. ಒಳಗೆ ನೋಡಬೇಕಾದರೆ ಬಲ್ಲ ಕೆಲಸಗಾರನಿಂದ ಬಿಚ್ಚಿಸಿ. ನೀವಾಗಿ ತಿರುಪುಳಿ ಹಿಡಿಯಬೇಡಿ. ಬಿಚ್ಚಲು ಒಪ್ಪದವರಿಂದ ದುಬಾರಿ ಬೆಲೆಗೆ ಕೊಳ್ಳಬೇಡಿ.

ಮಾರುವ ಸಂದರ್ಭವಾದರೆ, ಹಳೆಯ ಗಿಟಾರು ಅಂದವಾಗಿ ಕಾಣಲೆಂದು ಹೊಸ ಬಣ್ಣ ಬಳಿಸಬೇಡಿ, ಹಳೆಯ ಬಿಡಿಭಾಗಗಳನ್ನು ತೆಗೆದೆಸೆಯಬೇಡಿ. ಮಾಸಿದ ಬಣ್ಣವೂ ಧೂಳು ಹಿಡಿದ ಬೆಸುಗೆಯೂ ನಿಮ್ಮ ಪರವಾದ ಸಾಕ್ಷಿಗಳೇ. ಪೆಟ್ಟಿಗೆಯಲ್ಲಿ ಹಳೆಯ ರಸೀತಿಯೋ ಕಾಗದವೋ ಸಿಕ್ಕರೆ ಜೋಪಾನ ಮಾಡಿ.

ಇನ್ನು ಹೊಸದೋ ಹಳೆಯದೋ ಒಂದು ಗಿಟಾರು ಈಗಾಗಲೇ ಮನೆಯಲ್ಲಿದ್ದರೆ, ಇಂದು ಸಂಜೆಯೇ ಅದರ ನಂಬರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ತಲೆ, ಬೆನ್ನು, ಮರದ ಗೆರೆ ಇವೆಲ್ಲ ಕಾಣುವಂತೆ ನಾಲ್ಕಾರು ಚಿತ್ರ ತೆಗೆದಿಡಿ. ಯಾರು, ಎಲ್ಲಿ, ಎಷ್ಟಕ್ಕೆ ಕೊಂಡರು ಎಂಬುದನ್ನೂ ಕೆಳಗೆ ಬರೆಯಿರಿ. ಕಾರ್ಖಾನೆಯವರು ತಮ್ಮ ಲೆಕ್ಕಕ್ಕಾಗಿ ಹಾಕಿದ ನಂಬರಿಗೆ ಮನೆಯವರು ತಮ್ಮ ಲೆಕ್ಕವನ್ನು ಸೇರಿಸಿಟ್ಟರೆ, ಮುಂದೆ ಅದನ್ನು ನುಡಿಸುವ ಮಕ್ಕಳು ಊಹೆಯ ಮೇಲೆ ನಿಲ್ಲಬೇಕಾಗುವುದಿಲ್ಲ.